ಇಟಗಿಯ ಕಲ್ಲು, ಓಲ್ನೆಯ ಆನೆ

ಕೊಪ್ಪಳಕ್ಕೂ ಫ್ರಾನ್ಸಿಗೂ ಏನು ನಂಟು ಎಂದು ಕೇಳಿದರೆ ಊರಿನ ನೆತ್ತಿಯ ಮೇಲಿರುವ ಕೋಟೆಯನ್ನು ತೋರಿಸಬೇಕಾಗುತ್ತದೆ. 1786ರಲ್ಲಿ ಟಿಪ್ಪು ಸುಲ್ತಾನ ಅದನ್ನು ಪಾಳೇಗಾರನೊಬ್ಬನಿಂದ ಪಡೆದು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಹೊಸದಾಗಿ ಕಟ್ಟಿಸಿದ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ನಿಜಾಮ ಮತ್ತು ಇಂಗ್ಲಿಷರ ದಂಡು ಬಂದು, ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಗೆದ್ದುಕೊಂಡಿತು. ತಾನು ಕಂಡ ಅತಿ ಗಟ್ಟಿ ಕೋಟೆಗಳ ಸಾಲಿಗೆ ಇದನ್ನು ಸೇರಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾನ್ ಮಾಲ್ಕಂ.

ಆ ಫ್ರೆಂಚ್ ಎಂಜಿನಿಯರುಗಳು ಯಾವ ಸೀಮೆಯಿಂದಲೇ ಬಂದಿರಲಿ, ಊರ ನಡುವೆ ನಿಂತ ಹಳೆಯ ಕಲ್ಲಿನ ಚರ್ಚೊಂದನ್ನು ನೋಡಿಕೊಂಡೇ ಬೆಳೆದಿರುತ್ತಾರೆ. ಫ್ರಾನ್ಸಿನಲ್ಲಿ ಅಂಥದೊಂದು ಚರ್ಚಿಲ್ಲದ ಹಳ್ಳಿ ಸಿಗುವುದೇ ಕಷ್ಟ. ಕೊಪ್ಪಳದ ಕೋಟೆಯಿಂದ ಪಶ್ಚಿಮಕ್ಕೆ ಕುದುರೆಯ ಮೇಲೆ ಅರ್ಧ ದಿನ ಹೋಗಿದ್ದರೆ ಅವರಿಗೆ ಇಟಗಿ ಸಿಗುತ್ತಿತ್ತು. ತಮ್ಮೂರಿನ ಚರ್ಚಿಗೆ ಪಾಯ ತೆಗೆದ ಕಾಲದಲ್ಲೇ ಕಟ್ಟಿದ ಗುಡಿಯೊಂದು ಎರೆಹೊಲಗಳ ನಡುವೆ ನಿಂತಿರುವುದು ಕಾಣುತ್ತಿತ್ತು. ಇಟಗಿಯ ಮಹಾದೇವ ದೇವಾಲಯದ ಶಾಸನದ ಕಾಲ ಚಾಲುಕ್ಯ ವಿಕ್ರಮ ವರ್ಷ 37, ಅಂದರೆ ಕ್ರಿ.ಶ. 1112. ಅತ್ತ ಬರ್ಗಂಡಿ ಸೀಮೆಯ ಕ್ಲೂನಿಯಲ್ಲಿ 1088ರಲ್ಲಿ ಶುರುವಾದ ಮಹಾಚರ್ಚು ಆಗಿನ್ನೂ ಮುಗಿದಿರಲಿಲ್ಲ. 1125ರಲ್ಲಿ ಅದರ ಚಾವಣಿಯ ಒಂದು ಭಾಗ ಕುಸಿದೂ ಬಿತ್ತು, ಪೋಪ್ ಬಂದು ಪವಿತ್ರೀಕರಣ ಮಾಡಿದ್ದು 1130ರಲ್ಲಿ. ಅದೇ ಸೀಮೆಯ ವೆಜ್ಲೆಯ ಬೆಟ್ಟದ ಮೇಲೂ ಆಗ ಉಳಿಯ ಸದ್ದು.

ಒಬ್ಬರಿಗೊಬ್ಬರು ಗೊತ್ತಿಲ್ಲದ ಎರಡು ನಾಡುಗಳಲ್ಲಿ ಒಂದೇ ಕಾಲಕ್ಕೆ ಹಳ್ಳಿ ಹಳ್ಳಿಯಲ್ಲೂ ಕಲ್ಲಿನ ಕೆಲಸ ನಡೆದದ್ದಕ್ಕೆ ದೊಡ್ಡ ಗುಟ್ಟೇನೂ ಬೇಕಿಲ್ಲ. ಫ್ರಾನ್ಸಿನಲ್ಲಿ 1000ದಿಂದ 1200ರವರೆಗೆ ಕಾಡು ಕಡಿದು ಹೊಲ ಮಾಡಿದರು, ಭಾರದ ಕಬ್ಬಿಣದ ನೇಗಿಲು ಬಂತು, ಬೆಳೆ ಹೆಚ್ಚಿತು. ಬೆಳೆದದ್ದರಲ್ಲಿ ಹತ್ತನೆಯ ಒಂದು ಪಾಲು ಚರ್ಚಿಗೆ ಸಲ್ಲಬೇಕಿತ್ತು. ಕಾಳು ಕಣದಿಂದ ಹೋಗಿ ಕಲ್ಲಾಗಿ ಊರಿಗೆ ವಾಪಸ್ ಬಂತು. ನಮ್ಮಲ್ಲಿ ಕೆರೆ ಕಟ್ಟಿದರು, ಅಗ್ರಹಾರಗಳು ಬೆಳೆದವು, ಐಹೊಳೆ ಐನೂರ್ವರೆಂಬ ವರ್ತಕರ ಸರಕಿನ ಗಾಡಿಗಳು ಊರೂರು ತಿರುಗಿದವು. ಕಲ್ಯಾಣದ ಆರನೆಯ ವಿಕ್ರಮಾದಿತ್ಯ 1076ರಿಂದ ಸುಮಾರು ಐವತ್ತು ವರ್ಷ ಆಳಿದ. ಅಷ್ಟು ದೀರ್ಘ ಆಳ್ವಿಕೆಯಲ್ಲಿ ಅರಮನೆಯವರಷ್ಟೇ ಅಲ್ಲ, ದಂಡನಾಯಕರೂ ಸೆಟ್ಟರೂ ಗುಡಿ ಕಟ್ಟಿಸುವಷ್ಟು ಗಟ್ಟಿಯಾದರು. ಇಟಗಿಯ ಗುಡಿ ಕಟ್ಟಿಸಿದ ಮಹಾದೇವ ಅಂಥ ದಂಡನಾಯಕರಲ್ಲಿ ಒಬ್ಬ.

ಅವನು ಕಟ್ಟಿಸಿದ್ದು ಒಂದು ಗುಡಿಯನ್ನಲ್ಲ. ದೊಡ್ಡ ಗುಡಿಯ ಸುತ್ತ ಹದಿಮೂರು ಚಿಕ್ಕ ಲಿಂಗದ ಗುಡಿಗಳಿದ್ದವು. ತಂದೆ ತಾಯಿಯ ನೆನಪಿಗೆಂದು ಮೂರ್ತಿನಾರಾಯಣನಿಗೊಂದು, ಚಂದ್ರಲೇಶ್ವರಿಗೊಂದು ಗುಡಿ. ಮುಂದೆ ಮೆಟ್ಟಿಲಿನ ಹೊಂಡ. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಶಾಸನಗಳಲ್ಲಿ ಉಬ್ಬಿಸಿ ಬರೆಯುವ ಚಾಳಿ ಹೊಸದಲ್ಲ, ಮೂರು ಮನೆಯ ಊರನ್ನೂ ಅಮರಾವತಿ ಮಾಡಿಬಿಡುತ್ತಾರೆ. ಇಲ್ಲಿ ಮಾತ್ರ ಆ ಕವಿಯನ್ನು ಆಕ್ಷೇಪಿಸುವುದು ಕಷ್ಟ. ಚಾಲುಕ್ಯ ವಾಸ್ತುವಿನ ಬಗ್ಗೆ 1926ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್, ಕನ್ನಡ ನಾಡಿನ ಗುಡಿಗಳಲ್ಲಿ ಹಳೇಬೀಡನ್ನು ಬಿಟ್ಟರೆ ಇದಕ್ಕೇ ಮಣೆ ಹಾಕಿದ. ಹಳೇಬೀಡಿಗೆ ದಿನಾ ಬಸ್ಸು ಬಸ್ಸೇ ಹೋಗುತ್ತವೆ. ಇಟಗಿಗೆ ಹೋಗುವವರು ಬನ್ನಿಕೊಪ್ಪದ ಬಳಿ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕೆಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕಲ್ಲು ಒಪ್ಪಿದರೆ ಉಳಿ

ಗುಡಿಯ ಸೊಗಸಿಗೆ ಶಿಲ್ಪಿಯ ಕೈಯನ್ನು ಹೊಗಳುತ್ತೇವೆ, ಕಲ್ಲನ್ನು ಮರೆಯುತ್ತೇವೆ. ಬಾದಾಮಿ ಚಾಲುಕ್ಯರದು ಮರಳುಗಲ್ಲು: ದಪ್ಪ ದಪ್ಪ ಬಂಡೆ, ಕೆತ್ತನೆ ಮಿತ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದವರ ಶಿಲ್ಪಿಗಳು ಬಳಪದ ಕಲ್ಲಿಗೆ ಹೊರಳಿದರು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು, ಸುಮಾರು 1050ರದು, ಈ ಕಲ್ಲಿನ ಮೊದಲ ದೊಡ್ಡ ಗುಡಿ ಎನ್ನುತ್ತಾರೆ. ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು, ಹಾನಗಲ್ ಕಡೆ ಬಳಪದ ಕಲ್ಲು ಹೇರಳ. ನೆಲದಿಂದ ಎತ್ತಿದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಬಿಟ್ಟಷ್ಟೂ ಬಿರುಸಾಗುವುದು ಅದರ ಗುಣ. ಮೆತ್ತಗಿರುವಾಗಲೇ ಅದನ್ನು ತಿರುಗಣೆಗೆ ಹಾಕಿ ಕಡೆಯಬಹುದು, ಬಳ್ಳಿಯನ್ನು ಕಾಂಡದಿಂದ ಬಿಡಿಸಿದ ಹಾಗೆ ಕೊರೆಯಬಹುದು.

ಇಟಗಿಯ ತೆರೆದ ಮಂಟಪದಲ್ಲಿ ಮೊದಲಿಗೆ ಇದ್ದದ್ದು 68 ಕಂಬ. ನೆಲದಿಂದಲೇ ಎದ್ದು ನಡುಚಾವಣಿಯನ್ನು ಹೊತ್ತವು ಎತ್ತರದವು. ಉಳಿದ ಗಿಡ್ಡ ಕಂಬಗಳು ಸುತ್ತಲಿನ ಕಕ್ಷಾಸನದ ಮೇಲೆ ಕೂತು ಇಳಿಜಾರು ಚಪ್ಪಡಿಗಳಿಗೆ ಹೆಗಲು ಕೊಟ್ಟಿವೆ. ತಿರುಗಣೆ ಕಂಬದ ನಡುವಿನ ಉಂಗುರಗಳನ್ನು ಬೆರಳಿನಿಂದ ಸವರಿ ನೋಡಿ. ಕೂದಲೆಳೆಯಷ್ಟು ಅಂತರದಲ್ಲಿ ಒಂದರ ಕೆಳಗೊಂದು ಅಂಚು, ಪ್ರತಿಯೊಂದೂ ಚೂಪು. ಒಂಬೈನೂರು ವರ್ಷದ ಮಳೆ, ದನಗಾಹಿಗಳ ಬೆನ್ನು, ಹುಡುಗರ ಮಂಗಾಟ ಇಷ್ಟೆಲ್ಲ ಆದ ಮೇಲೂ ಆ ಅಂಚು ಬೆರಳಿಗೆ ತಾಗುತ್ತದೆ. ತಲೆ ಎತ್ತಿದರೆ ಚಾವಣಿಯಲ್ಲಿ ಕೀರ್ತಿಮುಖ. ಅದರ ಬಾಯಿಂದ ಹೊರಟ ಎಲೆಬಳ್ಳಿ ಸುರುಳಿ ಸುತ್ತುತ್ತ ಹೋಗಿ ಮಕರವಾಗಿ, ಮಕರದ ಬಾಲ ಮತ್ತೆ ಬಳ್ಳಿಯಾಗಿ ಹರಿಯುತ್ತದೆ. ಎಲ್ಲಿ ಪ್ರಾಣಿ ಮುಗಿದು ಎಲ್ಲಿ ಗಿಡ ಶುರುವಾಯಿತು ಎಂದು ಕಣ್ಣಿಗೆ ಹಿಡಿಯಲಾಗುವುದಿಲ್ಲ. ಮೇಲಿನ ಶಿಖರದ ತುದಿ ಮಾತ್ರ ಇಲ್ಲ, ಕಳಸ ಎಂದೋ ಬಿದ್ದುಹೋಗಿದೆ.

ಇದೇ ಜಿಲ್ಲೆಯ ಪೂರ್ವಕ್ಕೆ, ಗಂಗಾವತಿ ಸೀಮೆಗೆ ಬಂದರೆ ಕಥೆ ಬದಲು. ಆನೆಗೊಂದಿ, ಕನಕಗಿರಿ ಎಲ್ಲ ಕಗ್ಗಲ್ಲಿನ ನಾಡು. ಕಗ್ಗಲ್ಲು ಉಳಿಗೆ ಸುಲಭಕ್ಕೆ ಬಗ್ಗುವುದಿಲ್ಲ; ಅಲ್ಲಿನ ಶಿಲ್ಪಿ ಸಣ್ಣ ಕುಸುರಿಯ ಆಸೆ ಬಿಟ್ಟು ದೊಡ್ಡ ಆಕಾರಕ್ಕೆ ಕೈ ಹಾಕಿದ. ಕಂಬಕ್ಕೆ ಅಂಟಿದ ಕುದುರೆ, ಅದರ ಮೇಲೊಬ್ಬ ಸವಾರ, ನೆರಳು ಬೀಳುವಷ್ಟು ಎದ್ದುಬಂದ ಮೈ. ಫ್ರಾನ್ಸಿನಲ್ಲೂ ಇದೇ ಭೇದವಿದೆ. ಬ್ರಿಟನಿ ಕಡೆ ಕಗ್ಗಲ್ಲು, ಅಲ್ಲಿನ ಚರ್ಚುಗಳ ಬೊಂಬೆಗಳಿಗೆ ದಪ್ಪ ಮೂಗು, ದಪ್ಪ ತುಟಿ. ನೈಋತ್ಯದ ಸೇಂಟೋಂಜ್ ಸೀಮೆಯಲ್ಲಿ ತಿಳಿಬಣ್ಣದ ಸುಣ್ಣಕಲ್ಲು. ಅದೂ ನಮ್ಮ ಬಳಪದ ಕಲ್ಲಿನ ಜಾತಕದ್ದೇ: ಗಣಿಯಿಂದ ಎತ್ತಿದಾಗ ತೇವದಿಂದ ಮೆತ್ತಗೆ, ಒಣಗಿದ ಮೇಲೆ ಬಿರುಸು. ಆ ಸೀಮೆಯ ಹಳ್ಳಿ ಚರ್ಚುಗಳ ಬಾಗಿಲ ಕಮಾನುಗಳಲ್ಲಿ ಅಂಗೈಯಷ್ಟು ಜಾಗವೂ ಖಾಲಿ ಬಿಟ್ಟಿಲ್ಲ.

ಅಲ್ಲಿನ ಓಲ್ನೆ ಎಂಬ ಚಿಕ್ಕ ಊರಿನ ಸಂತ ಪೀಟರನ ಚರ್ಚು ಕಟ್ಟಿದ್ದು 1120ರಿಂದ 1140ರ ಸುಮಾರಿಗೆ, ಇಟಗಿಯ ಬೆನ್ನಿಗೇ. ಸ್ಪೇನಿನ ಸಾಂಟಿಯಾಗೊಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರ ದಾರಿಯಲ್ಲಿರುವುದರಿಂದ 1998ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅದರ ದಕ್ಷಿಣದ ಬಾಗಿಲಿನ ಕಮಾನಿನಲ್ಲಿ ಬೈಬಲ್ಲಿನ 24 ಹಿರಿಯರನ್ನು ಸಾಲಾಗಿ ಕೂರಿಸಬೇಕಿತ್ತು. ಎಣಿಸಿದರೆ 31 ಮಂದಿ ಇದ್ದಾರೆ. ಕಮಾನಿನ ಉದ್ದಕ್ಕೆ 24 ಸಾಲಲಿಲ್ಲ, ಶಿಲ್ಪಿ ಇನ್ನೂ ಏಳು ಜನ ಹಿರಿಯರನ್ನು ತಾನೇ ಹುಟ್ಟಿಸಿದ. ಪಾದ್ರಿ ಎಣಿಸಲಿಲ್ಲವೋ, ಎಣಿಸಿಯೂ ಸುಮ್ಮನಾದನೋ! ಹೊರಗಿನ ಸುತ್ತಿನಲ್ಲಿ ಕತ್ತೆಯೊಂದು ತಂತಿವಾದ್ಯ ನುಡಿಸುತ್ತಿದೆ. ಒಳಗೆ, ಕಂಬದ ಬೋದಿಗೆಯ ಮೇಲೆ, ಮೂರು ಆನೆ. ಅವುಗಳ ತಲೆಯ ಮೇಲೆ ಲ್ಯಾಟಿನ್ನಿನಲ್ಲಿ, ಇವು ಆನೆಗಳು ಎಂದು ಕೊರೆದಿದೆ.

ನನಗೆ ಇಡೀ ಯುರೋಪಿನ ಮಧ್ಯಯುಗದ ಶಿಲ್ಪದಲ್ಲಿ ಅತಿ ಪ್ರಿಯವಾದ ಬರಹ ಅದು. ಆನೆ ಕಾಣದ ಊರಿನಲ್ಲಿ ಆನೆ ಕೆತ್ತಿದವನಿಗೆ, ನೋಡುವವರು ಇದನ್ನು ಹಂದಿ ಅಂದುಕೊಂಡಾರು ಎಂಬ ದಿಗಿಲು ಇದ್ದಿರಬೇಕು. ಅದೇ ಹೊತ್ತಿಗೆ ಇಲ್ಲಿ, ದಂಡಿನ ಆನೆಗಳನ್ನು ಕಣ್ಣಾರೆ ಕಂಡ ನಮ್ಮ ಶಿಲ್ಪಿಗಳಿಗೆ ಆನೆಯ ಕಿವಿಯ ಮಡಿಕೆ, ಮಂಡಿ ಬಗ್ಗುವ ರೀತಿ ಎಲ್ಲ ಬಾಯಿಪಾಠ. ಅವರ ಕಷ್ಟ ಬೇರೆಯದಿತ್ತು: ಯಾರೂ ಕಾಣದ ಮಕರವನ್ನು ಕಂಡವರ ಹಾಗೆ ಕೆತ್ತಬೇಕು. ಅದಕ್ಕೆ ಯಾವ ಶಿಲ್ಪಿಯೂ ಹೆಸರು ಬರೆದಿಡಲಿಲ್ಲ, ಬೇಕಾಗಲೂ ಇಲ್ಲ.

ಹೆಸರಿನ ಮಾತು ಬಂತಲ್ಲ: ಬರ್ಗಂಡಿಯ ಓಟನ್ ಚರ್ಚಿನ ಪಶ್ಚಿಮದ ಬಾಗಿಲ ಮೇಲೆ, ಕೊನೆಯ ತೀರ್ಪಿನ ಕೆತ್ತನೆಯಲ್ಲಿ ಕ್ರಿಸ್ತನ ಪಾದದ ಕೆಳಗೆ, ಗಿಸ್ಲೆಬೆರ್ಟಸ್ ಇದನ್ನು ಮಾಡಿದ ಎಂದಿದೆ. ಅವನು ಉಳಿ ಹಿಡಿದವನೋ, ಹಣ ಕೊಟ್ಟವನೋ ಎಂಬ ಜಗಳ ಅಲ್ಲಿನ ಪಂಡಿತರಲ್ಲಿ ಇನ್ನೂ ತೀರಿಲ್ಲ. ನಮ್ಮಲ್ಲಿ ಅಂಥ ಜಗಳಕ್ಕೆ ಆಸ್ಪದ ಕಡಿಮೆ. ಕಟ್ಟಿಸಿದವನ ವಂಶಾವಳಿ ಶಾಸನದ ತುಂಬ ಇರುತ್ತದೆ, ಕಟ್ಟಿದವನು ಎಲ್ಲೋ ಕೊನೆಯ ಸಾಲಿನಲ್ಲಿ ಒಂದು ‘ಓಜ’ ಆಗಿ ಮುಗಿಯುತ್ತಾನೆ. ಅನೇಕ ಸಲ ಅದೂ ಇಲ್ಲ.

ಕಟ್ಟುವ ಬುದ್ಧಿಯಲ್ಲಿ ಇಬ್ಬರ ದಾರಿ ಬೇರೆ. ಫ್ರೆಂಚ್ ಗಾರೆಯವನ ಜೀವ ಕಮಾನಿನಲ್ಲಿತ್ತು. ಹಳೆಯ ಚರ್ಚುಗಳ ಮರದ ಚಾವಣಿ ಬೆಂಕಿಗೆ ಬಲಿಯಾಗುತ್ತಿದ್ದುದರಿಂದ ಅವನು ಕಲ್ಲಿನ ಕಮಾನುಗಳನ್ನು ಒಂದರ ಹಿಂದೊಂದು ಜೋಡಿಸಿ ಸುರಂಗದಂಥ ಚಾವಣಿ ಮಾಡಿದ. ಕಮಾನು ತನ್ನ ಭಾರವನ್ನು ನೆಟ್ಟಗೆ ಕೆಳಕ್ಕೆ ಇಳಿಸುವುದಿಲ್ಲ, ಗೋಡೆಯನ್ನು ಹೊರಕ್ಕೆ ದೂಡುತ್ತದೆ. ಹಾಗಾಗಿ ದಪ್ಪ ಗೋಡೆ, ಒತ್ತುಗಂಬ, ಚಿಕ್ಕ ಕಿಟಕಿ, ಒಳಗೆ ಕತ್ತಲೆ. ಕ್ಲೂನಿಯಲ್ಲಿ ಸುಮಾರು 30 ಮೀಟರ್ ಎತ್ತರಕ್ಕೆ ಹೋದದ್ದೇ ಆ ಕುಸಿತಕ್ಕೆ ದಾರಿಯಾಯಿತು. ನಮ್ಮ ಶಿಲ್ಪಿ ಕಮಾನಿನ ಗೊಡವೆಗೇ ಹೋಗಲಿಲ್ಲ. ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ನಡುವೆ ಗಾರೆಯಿಲ್ಲ, ಭಾರವೇ ಬೆಸುಗೆ. ಚೌಕದ ಮೂಲೆಗಳಿಗೆ ಅಡ್ಡಚಪ್ಪಡಿ ಇಡುತ್ತ, ಆ ಚೌಕದೊಳಗೆ ಇನ್ನೊಂದು ಚೌಕ ಮಾಡುತ್ತ ಚಾವಣಿಯನ್ನು ಮುಚ್ಚಿದ. ಗೋಡೆಗೆ ದೂಡಿಸಿಕೊಳ್ಳುವ ಕಷ್ಟವಿಲ್ಲದ್ದರಿಂದ ಮಂಟಪವನ್ನು ಮೂರು ಕಡೆ ತೆರೆದೇ ಬಿಡಬಹುದಾಗಿತ್ತು.

ದಿಕ್ಕೂ ತಿರುವುಮುರುವು. ಅಲ್ಲಿ ಬಾಗಿಲು ಪಶ್ಚಿಮಕ್ಕೆ, ಪೂಜೆಯ ವೇದಿಕೆ ಪೂರ್ವಕ್ಕೆ. ಸೂರ್ಯ ಹುಟ್ಟುವ ಕಡೆ ಮುಖ ಮಾಡಿ ನಿಲ್ಲುವವನು ಭಕ್ತ. ಇಟಗಿಯಲ್ಲಿ ಪೂರ್ವಕ್ಕೆ ತೆರೆದದ್ದು ಬಾಗಿಲು; ಸೂರ್ಯನಿಗೆ ಮುಖ ಮಾಡಿರುವವನು ದೇವರು, ಭಕ್ತನ ಬೆನ್ನಿಗೆ ಬಿಸಿಲು.

ಊರಿಗೊಂದು, ಊರ ತುಂಬ

ಇಟಗಿಯೊಂದನ್ನೇ ಹಿಡಿದು ಕೂತರೆ ಜಿಲ್ಲೆಗೆ ಅನ್ಯಾಯವಾಗುತ್ತದೆ. ಹತ್ತಿರದ ಕುಕನೂರಿನ ನವಲಿಂಗ ಗುಡಿಗಳು ಅದಕ್ಕಿಂತ ಇನ್ನೂರು ವರ್ಷಕ್ಕೂ ಹೆಚ್ಚು ಹಿರಿಯವು, ರಾಷ್ಟ್ರಕೂಟರ ಒಂಬತ್ತನೆಯ ಶತಮಾನದವು. ಒಂಬತ್ತು ಗರ್ಭಗುಡಿಗಳು ಮಂಟಪಗಳ ಸುತ್ತ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಆ ಪೌಳಿಯೊಳಗೇ ಮಹಾಮಾಯೆಯ ಗುಡಿ. ಅದೇ ಊರಿನ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಮಟ್ಟಸ ಕೆಲಸದಿಂದ ಕಲ್ಯಾಣದವರ ಕುಸುರಿಗೆ ದಾಟುವ ಕಾಲದ್ದು, ಹತ್ತನೆಯ ಶತಮಾನದ ಕೊನೆಯದು. ವಾಸ್ತುವಿನ ವಿದ್ಯಾರ್ಥಿ ಕುಕನೂರಿನಿಂದ ಇಟಗಿಗೆ ಸೈಕಲ್ ಹೊಡೆದರೆ ಮೂರು ಶತಮಾನ ದಾಟಿದಂತೆ. ಕುಷ್ಟಗಿ ತಾಲ್ಲೂಕಿನ ಪುರದ ಸೋಮೇಶ್ವರನಲ್ಲಿ ಲಿಂಗಗಳ ಸಾಲೇ ಸಾಲು, ಜನ ಕೋಟಿಲಿಂಗ ಎಂದು ಕರೆದು ಎಣಿಕೆಯ ತಾಪತ್ರಯ ಮುಗಿಸಿದ್ದಾರೆ. ಕನಕಗಿರಿಯದು ವಿಜಯನಗರ ಕಾಲದ ನಾಯಕರ ಕೆಲಸ, ಕನಕಾಚಲಪತಿಯ ಗುಡಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ಯಾರ ಬಾಯಲ್ಲಾದರೂ ಬರುತ್ತದೆ.

ಕೊಪ್ಪಳದ ಪೂರ್ವಸ್ಥಿತಿ ಮಾತ್ರ ಈಗ ಊಹೆಗೆ ಬಿಟ್ಟದ್ದು. ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಎಂದು ಗುರುತಿಸಿದ ಊರುಗಳಲ್ಲಿ ಕೊಪಣ, ಅಂದರೆ ಇದೇ ಕೊಪ್ಪಳ, ಒಂದು. ಜೈನರ ಮಹಾತೀರ್ಥ. 772 ಬಸದಿಗಳಿದ್ದವು ಎಂಬುದು ಪರಂಪರೆಯ ಮಾತು. ಆ ಸಂಖ್ಯೆಯನ್ನು ಹಾಗೇ ನುಂಗಬೇಕಿಲ್ಲ. ಅದರ ಹತ್ತನೆಯ ಒಂದು ಪಾಲು ಇದ್ದರೂ ಊರು ಬಸದಿಗಳಿಂದಲೇ ತುಂಬಿರಬೇಕು. ಇವತ್ತು ಹುಡುಕಿದರೆ ಸಿಗುವವು ಬೆರಳೆಣಿಕೆಯಷ್ಟು. ಗುಡ್ಡದ ಬಂಡೆಗಳ ಮೇಲಿನ ನಿಸಿದಿ ಬರಹಗಳು ಮಾತ್ರ ಹಾಗೇ ಉಳಿದಿವೆ, ಬಂಡೆಯನ್ನು ಯಾರೂ ಹೊತ್ತೊಯ್ಯಲಾರರಲ್ಲ. ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು ಉಳಿದದ್ದೂ ಹೀಗೆಯೇ. ಒಂದು ಧರ್ಮದ ಕಲ್ಲು ಇನ್ನೊಂದರ ಮೆಟ್ಟಿಲಾಗುವುದು, ಮೆಟ್ಟಿಲು ಕೋಟೆಯ ಗೋಡೆಗೆ ಸೇರುವುದು, ಗೋಡೆ ಬಿದ್ದರೆ ಯಾರದೋ ಮನೆಯ ಕಟ್ಟೆಯಾಗುವುದು ಈ ಸೀಮೆಯಲ್ಲಿ ಹೊಸದಲ್ಲ.

ಕ್ಲೂನಿಗೆ ಆದದ್ದೂ ಅದೇ. ರೋಮಿನ ಸಂತ ಪೀಟರನ ಹೊಸ ಚರ್ಚು ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲೇ ದೊಡ್ಡದಾಗಿದ್ದ ಆ ಚರ್ಚನ್ನು ಫ್ರೆಂಚ್ ಕ್ರಾಂತಿಯ ತರುವಾಯ ಸರ್ಕಾರ ಮಾರಿತು, ಕೊಂಡವರು ಸ್ಫೋಟಿಸಿ ಗಾಡಿ ಲೆಕ್ಕದಲ್ಲಿ ಕಲ್ಲು ಮಾರಿದರು. ದಶಕಗಳ ಕಾಲ ಅದು ಕಲ್ಲುಗಣಿಯಾಯಿತು. ಇವತ್ತು ಉಳಿದಿರುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಹಳ್ಳಿ ಚರ್ಚುಗಳು ಉಗ್ರಾಣವಾದವು, ಹುಲ್ಲಿನ ಬಣವೆಗೆ ಸೂರಾದವು. ಗಂಟೆಗಳನ್ನು ಕರಗಿಸಿ ತೋಪು ಎರಕ ಹೊಯ್ದರು. ಗುಡಿ ಒಡೆಯುವುದಕ್ಕೆ ಹೊರಗಿನ ದಂಡೇ ಬರಬೇಕೆಂದು ತಿಳಿದವರು ಆ ದೇಶದ ಚರಿತ್ರೆಯನ್ನೊಮ್ಮೆ ಓದಬೇಕು.

ಸೂರು ಸೋರಿದರೆ ಯಾರ ಹೆಗಲಿಗೆ

ಫ್ರಾನ್ಸಿನ ಹಳ್ಳಿ ಚರ್ಚಿನ ಕಥೆಯಲ್ಲಿ ನಮಗೆ ಉಪಯೋಗಕ್ಕೆ ಬರುವ ಭಾಗ ಶಿಲ್ಪವಲ್ಲ, ಕಾಗದಪತ್ರ. 1905ರ ಡಿಸೆಂಬರ್ 9ರ ಕಾನೂನು ಧರ್ಮವನ್ನೂ ಸರ್ಕಾರವನ್ನೂ ಬೇರೆ ಮಾಡಿತು. ಚರ್ಚುಗಳನ್ನು ನೋಡಿಕೊಳ್ಳಲು ಭಕ್ತರು ಸಂಘ ಮಾಡಿಕೊಳ್ಳಬೇಕೆಂದು ಅದು ಹೇಳಿತು, ಪೋಪ್ ಹತ್ತನೆಯ ಪಯಸ್ ಒಪ್ಪಲಿಲ್ಲ. ಹಗ್ಗಜಗ್ಗಾಟದ ಕೊನೆಗೆ ಹಳೆಯ ಹಳ್ಳಿ ಚರ್ಚುಗಳೆಲ್ಲ ಊರಿನ ಕಮ್ಯೂನಿನ ಸ್ವತ್ತಾದವು. ಕಮ್ಯೂನ್ ಎಂದರೆ ನಮ್ಮ ಗ್ರಾಮ ಪಂಚಾಯಿತಿ. ಪೂಜೆಯ ಹಕ್ಕು ಪಾದ್ರಿಗೂ ಭಕ್ತರಿಗೂ, ಬಾಡಿಗೆ ಇಲ್ಲ. ಸೂರು ಸೋರಿದರೆ ಮಾತ್ರ ಮೇಯರ್ ನೋಡಿಕೊಳ್ಳಬೇಕು. ಹೀಗೆ ಪಂಚಾಯಿತಿಗಳ ಕೈಲಿರುವ ಚರ್ಚುಗಳು ಸುಮಾರು 40 ಸಾವಿರ. ಮುನ್ನೂರು ಜನರಿರುವ ಊರಿನ ಮೇಯರ್, ತಾನು ದೇವರನ್ನು ನಂಬದವನೇ ಆಗಿದ್ದರೂ, ಹನ್ನೆರಡನೆಯ ಶತಮಾನದ ಗೋಡೆಯ ಬಿರುಕು ಅಗಲವಾಗುತ್ತಿದೆಯೇ ಎಂದು ನೋಡಬೇಕಾದವನು. ಪಾದ್ರಿಗಳ ಕೊರತೆಯಿಂದ ಒಬ್ಬೊಬ್ಬರಿಗೆ ಹತ್ತಾರು ಊರು. ಕೆಲವು ಚರ್ಚುಗಳಲ್ಲಿ ಪೂಜೆ ನಡೆಯುವುದು ವರ್ಷಕ್ಕೆರಡು ಸಲ. ಆದರೂ ಖರ್ಚು ಊರಿನದು.

ಹಣ ಸಾಲುವುದಿಲ್ಲ ಎಂಬುದು ನಿಜ. 2013ರಲ್ಲಿ ಅಬ್ಬೆವಿಲ್‌ನಲ್ಲಿ ದುರಸ್ತಿಯ ವೆಚ್ಚ ಹೊರಲಾರದೆ ಹತ್ತೊಂಬತ್ತನೆಯ ಶತಮಾನದ ಚರ್ಚೊಂದನ್ನು ನಗರಸಭೆಯೇ ಕೆಡವಿಸಿತು. ಪ್ಯಾರಿಸಿನ ನೋತ್ರ್ ದಾಮ್ 2019ರಲ್ಲಿ ಹೊತ್ತಿ ಉರಿದಾಗ ಜಗತ್ತಿನ ಸಿರಿವಂತರು ಜೇಬು ತೆಗೆದರು. ಹಳ್ಳಿ ಚರ್ಚಿಗೆ ಹಾಗೆ ಯಾರು ಕೊಡುತ್ತಾರೆ? 2018ರಿಂದ ಅಲ್ಲಿ ಪರಂಪರೆಯ ಹೆಸರಿನಲ್ಲಿ ಲಾಟರಿ ನಡೆಸಿ, ಬಂದ ಹಣದ ಒಂದು ಪಾಲನ್ನು ಇಂಥ ಕಟ್ಟಡಗಳ ದುರಸ್ತಿಗೆ ಕೊಡುತ್ತಿದ್ದಾರೆ.

ನಮ್ಮಲ್ಲಿ ಏರ್ಪಾಡು ಬೇರೆ. ಇಟಗಿ, ಕುಕನೂರಿನಂಥ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. ಅವುಗಳ ಪಕ್ಕದ ಓಣಿಯ ಹನುಮಪ್ಪನ ಗುಡಿ ಮುಜರಾಯಿಯ ಪಟ್ಟಿಯಲ್ಲಿರಬಹುದು. 1997ರ ಧಾರ್ಮಿಕ ದತ್ತಿ ಕಾಯ್ದೆಯ ಲೆಕ್ಕದಲ್ಲಿ ವರ್ಷಕ್ಕೆ ಐದು ಲಕ್ಷಕ್ಕಿಂತ ಕಡಿಮೆ ಆದಾಯದವು ‘ಸಿ’ ವರ್ಗ. ಹಳ್ಳಿಯ ಗುಡಿಗಳೆಲ್ಲ ಹೆಚ್ಚುಕಡಿಮೆ ಅಲ್ಲೇ. ಪೂಜಾರಿಗೆ ತಸ್ತೀಕು ಬಂದರೆ ಆಯಿತು, ಶಿಖರದ ಮೇಲೆ ಅರಳಿ ಗಿಡ ಬೇರು ಬಿಟ್ಟರೆ ಕೀಳಿಸುವವರು ಯಾರು ಎಂದು ಯಾವ ಕಡತವೂ ಹೇಳುವುದಿಲ್ಲ. ಈ ಸೀಮೆಗೆ ಇನ್ನೊಂದು ಸುತ್ತೂ ಇದೆ. 1948ರವರೆಗೆ ಕೊಪ್ಪಳ ಸೀಮೆ ಹೈದರಾಬಾದ್ ಸಂಸ್ಥಾನದ್ದು, ಕೊಪ್ಪಳ ಸಾಲಾರ್‌ಜಂಗರ ಜಾಗೀರು. ಆ ಸಂಸ್ಥಾನದ ಪುರಾತತ್ವ ಇಲಾಖೆ 1914ರಲ್ಲಿ ಗುಲಾಂ ಯಜ್ದಾನಿಯವರ ಕೈಯಲ್ಲಿ ಶುರುವಾಯಿತು. ಕೊಪ್ಪಳದ ಕನ್ನಡ ಶಾಸನಗಳನ್ನು 1935ರಲ್ಲಿ ಪುಸ್ತಕ ಮಾಡಿ ಹೊರತಂದದ್ದೂ ಅದೇ ಇಲಾಖೆ. ಉರ್ದುವಿನಲ್ಲಿ ಆಡಳಿತ ನಡೆಸಿದವರು ನಮ್ಮ ಶಾಸನಗಳ ಮೇಲೆ ತೋರಿದ ಕಾಳಜಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಇಲಾಖೆ ಕಾವಲು ಕೂತದ್ದರಿಂದ ಇಟಗಿಯ ಕಂಬಗಳು ಉಳಿದವು ಎಂಬುದರಲ್ಲಿ ಎರಡು ಮಾತಿಲ್ಲ. ತಂತಿಬೇಲಿಯೊಳಗಿನ ಹುಲ್ಲುಹಾಸನ್ನು ನೋಡಿದರೆ ಸಂತೋಷವೂ ಆಗುತ್ತದೆ. ಬೇಲಿಯ ಹೊರಗೆ ಮಾತ್ರ ಕಾನೂನಿನ ಬಿಸಿ ತಟ್ಟುತ್ತದೆ. 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಬಯಲಿನ ಸ್ಮಾರಕಕ್ಕೆ ಇದು ಸರಿ. ಊರೊಳಗಿನ ಗುಡಿಯ ಸುತ್ತ 100 ಮೀಟರ್ ಎಂದರೆ ಮೂರು ನಾಲ್ಕು ಓಣಿ. ಮಣ್ಣಿನ ಮಾಳಿಗೆ ಮಳೆಗೆ ಕುಸಿದವನು ಅಲ್ಲೇ ಸ್ಲ್ಯಾಬು ಹಾಕಿಸಬೇಕೆಂದರೆ ಯಾವ ಕಚೇರಿಗೆ ಹೋಗಬೇಕೆಂದು ತಿಳಿಯದೆ ತಿರುಗುತ್ತಾನೆ. ಆಮೇಲೆ ಅವನ ಬಾಯಲ್ಲಿ ಆ ಗುಡಿ ನಮ್ಮೂರ ಗುಡಿಯಾಗಿ ಉಳಿಯುವುದಿಲ್ಲ, ಸರ್ಕಾರದ ಗುಡಿಯಾಗುತ್ತದೆ.

ಫ್ರಾನ್ಸಿನಲ್ಲೂ ಸುತ್ತಳತೆಯ ಕಾನೂನು ಇದೆ, ನಮ್ಮದಕ್ಕಿಂತ ದೊಡ್ಡದು. 1943ರಿಂದ ಸ್ಮಾರಕದ ಸುತ್ತ 500 ಮೀಟರ್. ಆದರೆ ಅಲ್ಲಿ ಕಟ್ಟಲೇಬಾರದು ಎನ್ನುವುದಿಲ್ಲ, ಕಟ್ಟುವ ಬಗೆಯನ್ನು ಸರ್ಕಾರಿ ವಾಸ್ತುಶಿಲ್ಪಿ ಒಪ್ಪಬೇಕು ಎನ್ನುತ್ತಾರೆ. ಕಿಟಕಿ ಇಂಥ ಅಳತೆಯದು, ಹೆಂಚು ಇಂಥ ಬಣ್ಣದ್ದು. ಜನ ಅದಕ್ಕೂ ಶಪಿಸುತ್ತಾರೆ. ಆದರೆ ಮನೆ ಕಟ್ಟಿಕೊಳ್ಳುತ್ತಾರೆ. ಚರ್ಚಿನ ಬೀಗದ ಕೈ ಪಂಚಾಯಿತಿ ಕಚೇರಿಯ ಮೊಳೆಯಲ್ಲೋ ಎದುರು ಮನೆಯ ಅಜ್ಜಿಯ ಬಳಿಯೋ ಇರುತ್ತದೆ. ನಮಗೆ ಬೇಕಾದದ್ದು ಇಷ್ಟು: ಇಲಾಖೆಯ ತಜ್ಞತನ ಇರಲಿ, ಊರಿನ ಪಂಚಾಯಿತಿಗೂ ಅದರಲ್ಲೊಂದು ಕೆಲಸ, ಒಂದು ಹೊಣೆ, ಒಂದು ಸಹಿ ಇರಲಿ.

ಊರಿನ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ಜೀರ್ಣೋದ್ಧಾರದ ಹೆಸರಿನಲ್ಲಿ ನಮ್ಮ ಹಳ್ಳಿಗಳಲ್ಲಿ ನಡೆಯುವುದನ್ನು ಬಲ್ಲೆವು. ಹೊಯ್ಸಳನೋ ಚಾಲುಕ್ಯನೋ, ಕಂಬಕ್ಕೆಲ್ಲ ಗುಲಾಬಿ ಬಣ್ಣದ ಆಯಿಲ್ ಪೇಂಟು, ನೆಲಕ್ಕೆ ಟೈಲ್ಸು, ಗರ್ಭಗುಡಿಯ ನೆತ್ತಿಗೆ ಸಿಮೆಂಟಿನ ಗೋಪುರ, ದಾನಿಗಳ ಹೆಸರಿನ ಗ್ರಾನೈಟು. ಪೇಂಟಿಗೆ ಕೊಟ್ಟ ದುಡ್ಡು ಭಕ್ತಿಯದೇ, ಅದರಲ್ಲಿ ಕಪಟವಿಲ್ಲ. ಆದರೆ ಕಲ್ಲು ಉಸಿರಾಡಬೇಕು. ಹಳೆಯ ಸುಣ್ಣದ ಗಾರೆ ನೀರನ್ನು ಹೀರಿ ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ತೇವ ಉಪ್ಪನ್ನು ಹೊತ್ತು ಕಲ್ಲಿನ ಮುಖದ ಕಡೆಗೇ ಬರುತ್ತದೆ, ಮೇಲ್ಪದರ ಹಪ್ಪಳದಂತೆ ಏಳುತ್ತದೆ. ಫ್ರೆಂಚರು ಇಪ್ಪತ್ತನೆಯ ಶತಮಾನದಲ್ಲಿ ತಮ್ಮ ಚರ್ಚುಗಳ ಸಂದಿಗೆ ಸಿಮೆಂಟು ಮೆತ್ತಿ, ಈಗ ಅದನ್ನೇ ಉಳಿಯಿಂದ ಕೆತ್ತಿ ತೆಗೆದು ಮತ್ತೆ ಸುಣ್ಣ ತುಂಬುತ್ತಿದ್ದಾರೆ.

ತಜ್ಞರೂ ತಪ್ಪಿದ್ದಾರೆ. ‘ಕಾರ್ಮೆನ್’ ಕಥೆ ಬರೆದ ಪ್ರಾಸ್ಪರ್ ಮೆರಿಮೆ 1834ರಲ್ಲಿ ಐತಿಹಾಸಿಕ ಸ್ಮಾರಕಗಳ ಇನ್ಸ್‌ಪೆಕ್ಟರ್ ಆಗಿ ಊರೂರು ತಿರುಗಿ, ಬೀಳುವಂತಿದ್ದ ವೆಜ್ಲೆಯ ಚರ್ಚನ್ನು ಉಳಿಸಲು ಪಟ್ಟು ಹಿಡಿದ. ಕೆಲಸ ವಹಿಸಿದ್ದು 1840ರಲ್ಲಿ, ಇಪ್ಪತ್ತಾರು ವರ್ಷದ ವಾಸ್ತುಶಿಲ್ಪಿ ವಿಯೊಲೆ ಲ್ಯ ದುಕ್‌ಗೆ. ಆ ಹುಡುಗ ವೆಜ್ಲೆಯನ್ನು ಉಳಿಸಿದ, ಹೆಸರಾದ. ಮುಂದೆ ಮುಂದೆ ಅವನಿಗೆ ಹಳೆಯದು ಹೇಗಿತ್ತೆನ್ನುವುದಕ್ಕಿಂತ ಹೇಗಿರಬೇಕಿತ್ತೆನ್ನುವುದೇ ಮುಖ್ಯವಾಯಿತು. ಎಂದೂ ಇಲ್ಲದ ಗೋಪುರ, ಎಂದೂ ಇಲ್ಲದ ಬೊಂಬೆ ಅವನ ಕೈಯಿಂದ ಹುಟ್ಟಿಕೊಂಡವು. ಇಟಗಿಯ ಬಿದ್ದ ಕಳಸವನ್ನು ಹೊಸದಾಗಿ ಮಾಡಿಡೋಣ ಎಂದು ಯಾರಾದರೂ ಉತ್ಸಾಹಿ ಅರ್ಜಿ ಹಾಕಿದರೆ ನಾನು ವಿರೋಧಿಸುತ್ತೇನೆ. ಕಟ್ಟಡಕ್ಕೆ ಕಳಸವಿಲ್ಲದೆ ಅಪಾಯವೇನೂ ಇಲ್ಲ, ಸುಳ್ಳು ಕಳಸದಿಂದ ಇದೆ.

ನಡುದಾರಿ ಇಲ್ಲದಿಲ್ಲ. 1991ರಿಂದ ಕೆಲಸ ಮಾಡುತ್ತಿರುವ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್, ಸರ್ಕಾರ ಮತ್ತು ಊರಿನವರು ಸೇರಿ ಹಣ ಹಾಕಿ ರಾಜ್ಯದ ಎಷ್ಟೋ ಹಳ್ಳಿ ಗುಡಿಗಳನ್ನು ಬಿಚ್ಚಿ, ಕಲ್ಲಿಗೆ ನಂಬರು ಬರೆದು, ಹಾಗೇ ಮತ್ತೆ ಜೋಡಿಸಿದೆ. ಊರಿನವರ ಪಾಲೂ ಸೇರಿರುವುದರಿಂದ ಕೆಲಸ ಮುಗಿದ ಮೇಲೂ ಅವರು ಬಂದು ನೋಡುತ್ತಾರೆ.

ಇಲಾಖೆಯ ಕಾವಲೂ ಊರಿನ ಭಕ್ತಿಯೂ ಕುಕನೂರಿನಲ್ಲಿ ಒಂದೇ ಪೌಳಿಯೊಳಗೆ ಕಾಣುತ್ತವೆ. ನವಲಿಂಗಗಳ ಕಡೆ ಇಲಾಖೆಯ ನೀಲಿ ಫಲಕ, ಒಬ್ಬಿಬ್ಬರು ಕ್ಯಾಮೆರಾದವರು. ಮಹಾಮಾಯೆಯ ಕಡೆ ಕುಂಕುಮ, ಉಡಿ ತುಂಬುವವರು, ಹರಕೆಯ ಗಂಟೆ, ಅಳುವ ಕೂಸು. ನವರಾತ್ರಿಯಲ್ಲಿ ಕಾಲಿಡಲು ಜಾಗವಿಲ್ಲ. ಬಂದವರು ಮಹಾಮಾಯೆಗೆ ಕೈ ಮುಗಿದು, ಹಾಗೇ ನವಲಿಂಗದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಒಂಬತ್ತನೆಯ ಶತಮಾನದ ಕಂಬಕ್ಕೆ ಬೆನ್ನು ಕೊಟ್ಟು ಜೋಳದ ರೊಟ್ಟಿ ಮುರಿಯುವವರಿಂದ ಆ ಕಂಬಕ್ಕೆ ಕೇಡಾದದ್ದು ನಾನು ಕಂಡಿಲ್ಲ. ಕೇಡು ಮಾಡುವವರು ಹೆಸರು ಕೊರೆಯುವ ಪ್ರೇಮಿಗಳು.

ಕನ್ನಡ ನೆಲದಲ್ಲಿ ಫ್ರೆಂಚರೇ ಕಟ್ಟಿಸಿದ ಹಳ್ಳಿ ಚರ್ಚು ಬೇಕೆನ್ನುವವರು ಹಾಸನದ ಶೆಟ್ಟಿಹಳ್ಳಿಗೆ ಹೋಗಬೇಕು. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಅಲ್ಲಿ ಚೂಪು ಕಮಾನುಗಳ ರೋಜರಿ ಚರ್ಚು ಎತ್ತಿದರು. ನೂರು ಚಿಲ್ಲರೆ ವರ್ಷದ ಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು, ಊರು ಎದ್ದುಹೋಗಿ, ಚರ್ಚು ಜಲಾಶಯದ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನಡೆದು ಒಳಗೆ ಹೋಗಬಹುದು. ಮದುವೆಗೆ ಮುಂಚಿನ ಫೋಟೊ ತೆಗೆಯುವವರಿಗೆ ಅದು ಅಚ್ಚುಮೆಚ್ಚು, ಸೂರಿಗೆ ದಿಕ್ಕಿಲ್ಲ. ಊರೇ ಇಲ್ಲದ ಮೇಲೆ ಊರ ಚರ್ಚಿಗೆ ಯಾರು ಬರುತ್ತಾರೆ?

ಇಟಗಿಗೆ ಊರಿದೆ. ಊರಿನ ಉತ್ಸಾಹಿಗಳು ಸೇರಿ ಇಟಗಿ ಉತ್ಸವ ನಡೆಸಿದ್ದೂ ಉಂಟು. ಹೋಗುವವರಿಗೆ ಒಂದೆರಡು ಸೂಚನೆ ಮಾತ್ರ. ಬೆಳಗಿನ ಹೊತ್ತು ಹೋಗಿ, ಪೂರ್ವದ ಬಿಸಿಲು ತೆರೆದ ಮಂಟಪದೊಳಗೆ ಅಡ್ಡಲಾಗಿ ಬಿದ್ದಾಗ ಕಂಬದ ಅಂಚುಗಳು ಬಿಡಿ ಬಿಡಿಯಾಗಿ ಕಾಣುತ್ತವೆ; ಮಧ್ಯಾಹ್ನ ಎಲ್ಲ ಚಪ್ಪಟೆ. ಚಾವಣಿ ನೋಡಲು ಕೈಬ್ಯಾಟರಿ ಇರಲಿ. ಉತ್ತರ ದಕ್ಷಿಣದ ಬಾಗಿಲುಗಳ ಕಡೆಗೂ ಹೋಗಿ ಹೊರಗೋಡೆಯನ್ನು ಒಂದು ಸುತ್ತು ಹಾಕಿ, ಹೊಂಡದ ಮೆಟ್ಟಿಲ ಕಡೆಯಿಂದಲೂ ಒಮ್ಮೆ ನೋಡಿ. ಹಸಿವಾದರೆ ವಾಪಸ್ ಬರುವಾಗ ಕುಕನೂರಿನಲ್ಲಿ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಸಿಗುತ್ತದೆ. ಅದನ್ನು ಮುಗಿಸಿ ಕಲ್ಲೇಶ್ವರನ ಗುಡಿಯನ್ನೂ ನೋಡಿಕೊಂಡೇ ಬಸ್ಸು ಹತ್ತಿ.